ಕಣ್ಣಿಗೆ ಮಬ್ಬು, ಮಿದುಳಿನಲ್ಲಿ ಕಲೆ

ಕೆಲವು ವರ್ಷಗಳ ಹಿಂದಿನ ಮಾತು. ಒಂದು ಸಂಜೆ ಒಬ್ಬ ತಂದೆ ತಮ್ಮ ಇಪ್ಪತ್ತಾರು ವರ್ಷದ ಮಗಳನ್ನು ನನ್ನ ಕ್ಲಿನಿಕ್ಕಿಗೆ ಕರೆದುಕೊಂಡು ಬಂದರು. ಹುಡುಗಿ ಖಾಸಗಿ ಶಾಲೆಯೊಂದರಲ್ಲಿ ಟೀಚರ್. ನಾಲ್ಕು ದಿನದಿಂದ ಎಡಗಣ್ಣು ಮಬ್ಬಾಗಿದೆ, ಗುಡ್ಡೆ ಅತ್ತಿತ್ತ ಹೊರಳಿಸಿದರೆ ಒಳಗೆ ಯಾರೋ ಎಳೆದಂತೆ ನೋವು. ಕಣ್ಣು ಕೆಂಪಾಗಿಲ್ಲ, ನೀರಿಲ್ಲ, ಪಿಸುರಿಲ್ಲ. "ಬೋರ್ಡಿನ ಮೇಲೆ ಕೆಂಪು ಸೀಮೆಸುಣ್ಣದಲ್ಲಿ ಬರೆದರೆ ಈ ಕಣ್ಣಿಗೆ ಮಾಸಿದ ಇಟ್ಟಿಗೆ ಬಣ್ಣ ಕಾಣುತ್ತೆ ಡಾಕ್ಟ್ರೇ" ಎಂದಳು.

ಟಾರ್ಚ್ ಹಾಕಿ ನೋಡಿ, ಕಣ್ಣಿನ ವೈದ್ಯರಿಗೆ ಚೀಟಿ ಬರೆದು ಕಳಿಸಿದೆ. ಅವರು ಪರೀಕ್ಷಿಸಿ, ಇದು ದೃಷ್ಟಿನರದ ಉರಿಯೂತ ಎಂದು ಗುರುತಿಸಿ, ಮೂರು ದಿನ ರಕ್ತನಾಳದ ಮೂಲಕ ಸ್ಟೀರಾಯ್ಡ್ ಕೊಡಿಸಿದರು. ಮಿದುಳಿನ ಎಂಆರ್‌ಐ ಮಾಡಿಸಬೇಕೆಂದೂ ಬರೆದಿದ್ದರು. ಐದು ವಾರದಲ್ಲಿ ಕಣ್ಣು ತಿಳಿಯಾಯಿತು. ತಂದೆ ಸಿಹಿ ಹಿಡಿದುಕೊಂಡು ಬಂದರು. "ಕಣ್ಣು ಬಂತಲ್ಲ ಡಾಕ್ಟ್ರೇ, ಇನ್ನು ಆ ಸ್ಕ್ಯಾನು ಯಾಕೆ? ಗಂಡು ಬೇರೆ ನೋಡ್ತಾ ಇದೀವಿ. ಮಿದುಳಿನ ಸ್ಕ್ಯಾನು ಅಂದ್ರೆ ನೆಂಟರೆಲ್ಲ ಏನೇನೋ ಮಾತಾಡ್ತಾರೆ" ಎಂದರು.

"ಸದ್ಯಕ್ಕೆ ಬೇಡ ಬಿಡಿ" ಎಂದೆ. ಆ ಮೂರು ಮಾತನ್ನು ನಾನು ಇಂದಿಗೂ ಮರೆತಿಲ್ಲ.

ಎರಡು ವರ್ಷದ ಮೇಲೆ ಅವಳು ಮತ್ತೆ ಬಂದಳು. ಈ ಸಲ ಕಣ್ಣಲ್ಲ, ಕಾಲು. ಶಾಲೆಯ ಅಂಗಳದಲ್ಲಿ ನಡೆಯುವಾಗ ಬಲಗಾಲಿನ ಚಪ್ಪಲಿ ಕಳಚಿ ಹಿಂದೆ ಉಳಿದಿದೆ. ಅವಳಿಗೆ ಗೊತ್ತೇ ಆಗಿಲ್ಲ. ಹಿಂದಿನಿಂದ ಮಕ್ಕಳು "ಟೀಚರ್, ನಿಮ್ಮ ಚಪ್ಪಲಿ!" ಎಂದು ಕೂಗಿದರಂತೆ. ಈ ಬಾರಿ ಎಂಆರ್‌ಐ ತಪ್ಪಿಸಲಿಲ್ಲ. ಮಿದುಳಿನ ಬಿಳಿ ದ್ರವ್ಯದಲ್ಲಿ ಹತ್ತಕ್ಕೂ ಹೆಚ್ಚು ಕಲೆಗಳಿದ್ದವು. ಒಂದೆರಡು ಹೊಸವು, ಉಳಿದವು ಹಳೆಯವು. ಕಾಯಿಲೆಯ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್, ಚಿಕ್ಕದಾಗಿ ಎಂಎಸ್. ಹಳೆಯ ಕಲೆಗಳಲ್ಲಿ ಕೆಲವಾದರೂ ಮೊದಲ ಸಲವೇ ಇದ್ದಿರಬೇಕು.

ಹೊದಿಕೆ ಕಳಚಿದ ಎಳೆ

ಮಿದುಳನ್ನು ಕೊಯ್ದು ನೋಡಿದರೆ ಎರಡು ಬಣ್ಣ ಕಾಣುತ್ತದೆ. ಮೇಲ್ಪದರ ಬೂದು, ಒಳಗೆ ಬಿಳಿ. ಬೂದು ಭಾಗದಲ್ಲಿ ನರಕೋಶಗಳು ನೆಲೆಸಿವೆ. ಅವುಗಳಿಂದ ಹೊರಟ ಉದ್ದನೆಯ ಎಳೆಗಳು ಬಿಳಿ ಭಾಗದಲ್ಲಿ ಹರಿಯುತ್ತವೆ. ಆ ಬಿಳುಪು ಬಂದಿರುವುದು ಎಳೆಗಳನ್ನು ಸುತ್ತಿಕೊಂಡಿರುವ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯಿಂದ. ಕರೆಂಟಿನ ತಂತಿಗೆ ಪ್ಲಾಸ್ಟಿಕ್ ಸುತ್ತಿದ ಹಾಗೆ ಎಂದು ಹೇಳಿಬಿಡುವುದು ನಮ್ಮ ವೈದ್ಯರ ರೂಢಿ. ಆದರೆ ಮಯಲಿನ್ನಿನ ಕೆಲಸ ಅದಕ್ಕಿಂತ ದೊಡ್ಡದು. ಹೊದಿಕೆಯ ನಡುನಡುವೆ ಸಣ್ಣ ಸಣ್ಣ ತೆರಪುಗಳಿವೆ. ಸಂದೇಶ ಒಂದು ತೆರಪಿನಿಂದ ಇನ್ನೊಂದಕ್ಕೆ ಹಾರುತ್ತ ಸಾಗುತ್ತದೆ. ಹೊದಿಕೆ ಇಲ್ಲದ ಎಳೆಯಲ್ಲಿ ಸಂದೇಶ ಸೆಕೆಂಡಿಗೆ ಒಂದು ಮೀಟರಿನಷ್ಟು ತೆವಳಿದರೆ, ದಪ್ಪ ಹೊದಿಕೆಯ ಎಳೆಯಲ್ಲಿ ನೂರು ಮೀಟರಿನವರೆಗೂ ಓಡಬಲ್ಲದು.

ಎಂಎಸ್‌ನಲ್ಲಿ ದೇಹದ ರೋಗನಿರೋಧಕ ಕಣಗಳು ದಾರಿ ತಪ್ಪಿ ಮಿದುಳು, ಬೆನ್ನುಹುರಿ, ದೃಷ್ಟಿನರಗಳೊಳಗೆ ನುಗ್ಗಿ ಈ ಹೊದಿಕೆಯ ಮೇಲೇ ಬೀಳುತ್ತವೆ. ಎಲ್ಲಿ ಬೀಳುತ್ತವೋ ಅಲ್ಲಿ ಉರಿಯೂತ, ಊತ, ಸಂದೇಶಕ್ಕೆ ತಡೆ. ಕಣ್ಣಿನ ದಾರಿಯಾದರೆ ಮಬ್ಬು, ಬೆನ್ನುಹುರಿಯಾದರೆ ಕಾಲು ಜೋಮು, ಮಿದುಳಿನ ಬುಡವಾದರೆ ಒಂದು ಎರಡಾಗಿ ಕಾಣುವುದು. ಕೆಲವು ವಾರಗಳಲ್ಲಿ ಊತ ಇಳಿಯುತ್ತದೆ, ಸ್ವಲ್ಪ ಹೊದಿಕೆ ಮತ್ತೆ ಬೆಳೆಯುತ್ತದೆ, ರೋಗಿ ಚೇತರಿಸಿಕೊಳ್ಳುತ್ತಾನೆ. ಆದರೆ ಪ್ರತಿ ದಾಳಿಯಲ್ಲೂ ಒಂದಷ್ಟು ಎಳೆಗಳು ತುಂಡಾಗಿ ಶಾಶ್ವತವಾಗಿ ಹೋಗಿರುತ್ತವೆ. ಉಳಿದ ಎಳೆಗಳು ಹೇಗೋ ಕೆಲಸ ತೂಗಿಸುವುದರಿಂದ ಮನೆಯವರಿಗೆ ಎಲ್ಲವೂ ಸರಿಹೋದಂತೆ ತೋರುತ್ತದೆ.

ಪ್ಯಾರಿಸ್ಸಿನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯಲ್ಲಿದ್ದ ಜಾನ್ ಮಾರ್ಟಿನ್ ಶಾರ್ಕೋ ಎಂಬ ಮಹಾವೈದ್ಯ 1868ರಲ್ಲಿ ಈ ಕಾಯಿಲೆಗೆ ಸ್ಪಷ್ಟ ರೂಪ ಕೊಟ್ಟ. ಸತ್ತವರ ಮಿದುಳಿನಲ್ಲಿ ಅಲ್ಲಲ್ಲಿ ಗಡುಸಾದ ಮಚ್ಚೆಗಳು ಅವನ ಕೈಗೆ ಸಿಕ್ಕಿದ್ದವು. ಮಲ್ಟಿಪಲ್ ಎಂದರೆ ಹಲವು, ಸ್ಕ್ಲೆರೋಸಿಸ್ ಎಂದರೆ ಗಡುಸಾಗುವುದು. ಹೆಸರು ಬಂದದ್ದು ಹೀಗೆ.

ದೊರೆಯ ಮೊಮ್ಮಗನ ದಿನಚರಿ

ಶಾರ್ಕೋಗಿಂತ ಬಹಳ ಮುಂಚೆ ಇಂಗ್ಲೆಂಡಿನಲ್ಲಿ ಒಬ್ಬ ರೋಗಿ ತನ್ನ ಕಾಯಿಲೆಯನ್ನು ತಾನೇ ಬರೆದಿಟ್ಟಿದ್ದ. ಅವನು ಮೂರನೇ ಜಾರ್ಜ್ ದೊರೆಯ ಮೊಮ್ಮಗ ಆಗಸ್ಟಸ್ ಡೆಸ್ಟೆ. 1822ರ ಡಿಸೆಂಬರಿನಲ್ಲಿ, 28ನೇ ವಯಸ್ಸಿನಲ್ಲಿ, ತುಂಬ ಬೇಕಾದವರೊಬ್ಬರನ್ನು ಕಾಣಲು ಸ್ಕಾಟ್ಲೆಂಡಿಗೆ ಹೋದ. ಹೋಗುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ಅಂತ್ಯಕ್ರಿಯೆ ಮುಗಿದ ಸ್ವಲ್ಪ ದಿನಕ್ಕೆ ಕಣ್ಣು ಮಂಜಾಗಿ, ಬಂದ ಕಾಗದಗಳನ್ನು ಬೇರೆಯವರಿಂದ ಓದಿಸಿಕೊಳ್ಳಬೇಕಾಯಿತು. ಆಮೇಲೆ ಯಾವ ಔಷಧವೂ ಇಲ್ಲದೆ ದೃಷ್ಟಿ ತಾನಾಗಿ ಮರಳಿತು. ಅವನು ನಿಶ್ಚಿಂತನಾದ. ಕೆಲವು ವರ್ಷದ ಮೇಲೆ ಮತ್ತೆ ಕಣ್ಣಿನ ತೊಂದರೆ. 1827ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿದ್ದಾಗ ಒಂದು ವಸ್ತು ಎರಡಾಗಿ ಕಾಣಿಸಿತು, ಕಾಲಿನ ಬಲ ಕುಂದಿತು. 1848ರಲ್ಲಿ ತೀರಿಕೊಳ್ಳುವವರೆಗೂ ಅವನು ತನ್ನ ದೇಹ ಹಂತಹಂತವಾಗಿ ಸೋಲುವುದನ್ನು ದಿನಚರಿಯಲ್ಲಿ ಬರೆಯುತ್ತ ಬಂದ. 1940ರ ದಶಕದಲ್ಲಿ ಅದು ಬೆಳಕಿಗೆ ಬಂದಾಗ ಓದಿದ ವೈದ್ಯರಿಗೆ ಕಾಯಿಲೆ ಯಾವುದೆಂದು ಹೊಳೆಯಿತು.

ಆ ದೊರೆಮಗನಿಗೂ ನಮ್ಮ ಊರಿನ ಟೀಚರಿಗೂ ಇನ್ನೂರು ವರ್ಷದ ಅಂತರ. ಆದರೆ ಕಥೆ ಒಂದೇ. ಮೊದಲು ಕಣ್ಣು, ಆಮೇಲೆ ಒಳ್ಳೆಯದಾಯಿತೆಂಬ ನೆಮ್ಮದಿ, ಆಮೇಲೆ ಕಾಲು. ಅವನ ಕಾಲದಲ್ಲಿ ಈ ನಡುವಿನ ವರ್ಷಗಳಲ್ಲಿ ಮಾಡಲು ಏನೂ ಇರಲಿಲ್ಲ. ಈಗ ಇದೆ.

ಮಿದುಳಿನ ಕಿಟಕಿ

ಮಿದುಳಿನ ಕಾಯಿಲೆ ಕಣ್ಣಿನಲ್ಲಿ ಕಾಣುವುದೇಕೆ ಎಂದು ಓದುಗರು ಕೇಳಬಹುದು. ಭ್ರೂಣ ಬೆಳೆಯುವಾಗ ಕಣ್ಣಿನ ಒಳಪರದೆಯಾದ ರೆಟಿನಾ, ಅಂದರೆ ಅಕ್ಷಿಪಟಲ, ಮಿದುಳಿನಿಂದಲೇ ಚಾಚಿಕೊಂಡು ಬರುತ್ತದೆ. ದೃಷ್ಟಿನರವೂ ಅಷ್ಟೇ, ಹೆಸರಿಗೆ ನರ, ನಿಜಕ್ಕೆ ಅದು ಮಿದುಳಿನದೇ ಒಂದು ಕವಲು. ಒಂದೊಂದು ದೃಷ್ಟಿನರದಲ್ಲೂ ಸುಮಾರು ಹತ್ತು ಹನ್ನೆರಡು ಲಕ್ಷ ಎಳೆಗಳಿವೆ. ಹಾಗಾಗಿ ತಲೆಬುರುಡೆ ತೆರೆಯದೆ ಮಿದುಳಿನ ತುಣುಕೊಂದನ್ನು ಕಣ್ಣಾರೆ ನೋಡಬಹುದಾದ ಜಾಗ ದೇಹದಲ್ಲಿ ಇದೊಂದೇ. 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಣ್ಣಿನೊಳಗೆ ಇಣುಕುವ ಆಫ್ತಾಲ್ಮೋಸ್ಕೋಪ್ ಎಂಬ ಪುಟ್ಟ ಉಪಕರಣವನ್ನು ಲೋಕಕ್ಕೆ ಕೊಟ್ಟಾಗ ಈ ಕಿಟಕಿ ತೆರೆಯಿತು.

ಕಿಟಕಿ ತೆರೆದರೂ ಎಂಎಸ್ ಸುಲಭಕ್ಕೆ ಸಿಗಲಿಲ್ಲ. ದೃಷ್ಟಿನರದ ಉರಿಯೂತ ಸಾಮಾನ್ಯವಾಗಿ ಗುಡ್ಡೆಯ ಹಿಂದೆ, ನರದ ನಡುಭಾಗದಲ್ಲಿ ಆಗುತ್ತದೆ. ಮೂವರಲ್ಲಿ ಇಬ್ಬರಿಗೆ ಕಣ್ಣೊಳಗೆ ಇಣುಕಿದರೂ ಆರಂಭದಲ್ಲಿ ಯಾವ ದೋಷವೂ ತೋರುವುದಿಲ್ಲ. "ರೋಗಿಗೂ ಏನೂ ಕಾಣದು, ವೈದ್ಯನಿಗೂ ಏನೂ ಕಾಣದು" ಎಂಬ ಹಳೆಯ ಹಾಸ್ಯ ಹುಟ್ಟಿದ್ದು ಇದರಿಂದಲೇ. ಕಣ್ಣು ನಾರ್ಮಲ್ ಇದೆ, ಮನಸ್ಸಿನದೇ ತೊಂದರೆ ಎಂದು ಕೆಲವು ಹೆಣ್ಣುಮಕ್ಕಳನ್ನು ವಾಪಸು ಕಳಿಸುವುದನ್ನು ನಾನು ಕಂಡಿದ್ದೇನೆ. ಇದು ಅನ್ಯಾಯ.

ನಿಜವಾದ ಗುರುತು ತಿಂಗಳುಗಳ ಮೇಲೆ ಮೂಡುತ್ತದೆ. ರೆಟಿನಾದ ಒಳಮೈಯಲ್ಲಿ ಹರಡಿರುವ ನರದ ಎಳೆಗಳಿಗೆ ಮಯಲಿನ್ ಇಲ್ಲ. ಗುಡ್ಡೆಯಿಂದ ಹೊರಬಿದ್ದ ಮೇಲಷ್ಟೇ ಅವು ಹೊದಿಕೆ ಹೊದೆಯುತ್ತವೆ. ಹಿಂದೆ ಎಲ್ಲೋ ನರದಲ್ಲಿ ತುಂಡಾದ ಎಳೆ, ಬುಡ ಕಡಿದ ಬಳ್ಳಿ ತುದಿಯವರೆಗೂ ಒಣಗುವಂತೆ, ರೆಟಿನಾದವರೆಗೂ ಒಣಗುತ್ತ ಬರುತ್ತದೆ. ಇದಕ್ಕೆ ಮೂರರಿಂದ ಆರು ತಿಂಗಳು ಹಿಡಿಯುತ್ತದೆ. ಅಂದರೆ ರೋಗಿಯ ದೃಷ್ಟಿ ಮರಳಿ ಮನೆಯಲ್ಲಿ ಸಂತೋಷ ತುಂಬಿರುವ ಹೊತ್ತಿನಲ್ಲೇ ರೆಟಿನಾದ ಪದರ ಸದ್ದಿಲ್ಲದೆ ತೆಳುವಾಗುತ್ತಿರುತ್ತದೆ. ಇಲ್ಲಿ ಮಯಲಿನ್ ಇಲ್ಲದಿರುವುದೇ ನಮಗೆ ಉಪಕಾರ. ಪದರ ತೆಳುವಾದರೆ ಎಳೆಗಳೇ ಹೋಗಿವೆ ಎಂದು ಅರ್ಥ.

1944ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ರಕರ್ ಎಂಬ ವೈದ್ಯರು ಕೆಲವು ಎಂಎಸ್ ರೋಗಿಗಳ ರೆಟಿನಾದ ರಕ್ತನಾಳಗಳ ಸುತ್ತ ಬಿಳಿಯ ಕವಚವನ್ನು ಗುರುತಿಸಿದರು. ಮಯಲಿನ್ನೇ ಇಲ್ಲದ ಜಾಗದಲ್ಲೂ ಉರಿಯೂತವೇ ಎಂದು ತಜ್ಞರು ತಲೆ ಕೆರೆದುಕೊಂಡರು. 1974ರಲ್ಲಿ ಫ್ರಿಸೆನ್ ಮತ್ತು ಹಾಯ್ಟ್ ಎಂಬಿಬ್ಬರು, ಕಣ್ಣಿನ ತೊಂದರೆಯೇ ಹೇಳದ ಎಂಎಸ್ ರೋಗಿಗಳ ರೆಟಿನಾದಲ್ಲೂ ಬಾಚಣಿಗೆಯ ಹಲ್ಲು ಮುರಿದಂತೆ ನರದ ಎಳೆಗಳ ನಡುವೆ ಸೀಳುಗಳಿರುವುದನ್ನು ತೋರಿಸಿದರು. ಇವೆಲ್ಲ ನುರಿತ ಕಣ್ಣಿಗೆ ಮಾತ್ರ ದಕ್ಕುವ ಸೂಕ್ಷ್ಮಗಳು.

ಆಟ ಬದಲಾದದ್ದು 1991ರಲ್ಲಿ. ಅಮೆರಿಕದ ಎಂಐಟಿಯ ವಿಜ್ಞಾನಿಗಳು ಆಪ್ಟಿಕಲ್ ಕೊಹಿರೆನ್ಸ್ ಟೊಮೋಗ್ರಫಿ, ಅಂದರೆ ಓಸಿಟಿ ಎಂಬ ವಿಧಾನವನ್ನು ಪ್ರಕಟಿಸಿದರು. ಸೂಜಿಯಿಲ್ಲ, ಎಕ್ಸ್‌ರೇ ಇಲ್ಲ. ಗಲ್ಲವನ್ನು ಆಸರೆಯ ಮೇಲಿಟ್ಟು ಕೆಲವು ಕ್ಷಣ ದೀಪದ ಚುಕ್ಕೆಯನ್ನು ನೋಡಿದರೆ ಸಾಕು. ರೆಟಿನಾದ ಒಂದೊಂದು ಪದರದ ದಪ್ಪವನ್ನೂ ಯಂತ್ರ ಅಳೆದು ಕೊಡುತ್ತದೆ. ಸಕ್ಕರೆ ಕಾಯಿಲೆಯವರಿಗಾಗಿ ಈಗ ಜಿಲ್ಲಾ ಕೇಂದ್ರಗಳ ಅನೇಕ ಕಣ್ಣಿನ ಆಸ್ಪತ್ರೆಗಳಲ್ಲಿ ಈ ಯಂತ್ರ ಇದೆ.

ಆರೋಗ್ಯವಂತರಲ್ಲಿ ದೃಷ್ಟಿನರದ ಸುತ್ತಲಿನ ಎಳೆಗಳ ಪದರ ಸುಮಾರು 100 ಮೈಕ್ರಾನ್ ದಪ್ಪವಿರುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಲೆಕ್ಕ ಹಾಕಿದಾಗ, ಉರಿಯೂತ ಬಂದುಹೋದ ಎಂಎಸ್ ರೋಗಿಯ ಕಣ್ಣಿನಲ್ಲಿ ಈ ಪದರ ಸರಾಸರಿ 20 ಮೈಕ್ರಾನ್ ತೆಳುವಾಗಿತ್ತು. ಇದಕ್ಕಿಂತ ಮುಖ್ಯ ಸಂಗತಿ ಇನ್ನೊಂದಿದೆ. ಯಾವತ್ತೂ ನೋವು, ಮಬ್ಬು ಕಾಣದ ಕಣ್ಣಿನಲ್ಲೂ ಸುಮಾರು 7 ಮೈಕ್ರಾನ್ ಹೋಗಿತ್ತು. ನಮ್ಮ ಟೀಚರಿಗೆ ಓಸಿಟಿ ಮಾಡಿಸಿದಾಗ ಎಡಗಣ್ಣು ತೆಳುವಾಗಿದ್ದುದು ಯಾರಿಗೂ ಆಶ್ಚರ್ಯ ತರಲಿಲ್ಲ. ಒಮ್ಮೆಯೂ ದೂರು ಹೇಳದ ಬಲಗಣ್ಣೂ ತೆಳುವಾಗಿತ್ತು. "ಈ ಕಣ್ಣು ಚೆನ್ನಾಗೇ ಇದೆಯಲ್ಲಾ ಡಾಕ್ಟ್ರೇ?" ಎಂದು ತಂದೆ ಮತ್ತೆ ಮತ್ತೆ ಕೇಳಿದರು.

ಎಂಎಸ್ ಎಂದರೆ ಆಗಾಗ ಬಂದು ಹೋಗುವ ದಾಳಿಗಳಷ್ಟೇ ಅಲ್ಲ, ದಾಳಿಗಳ ನಡುವೆಯೂ ನಿಧಾನ ಸವೆತ ನಡೆದಿರುತ್ತದೆ ಎಂಬುದಕ್ಕೆ ಈ ಬಲಗಣ್ಣೇ ಸಾಕ್ಷಿ. ರೆಟಿನಾ ತೆಳುವಾಗುವ ವೇಗಕ್ಕೂ ಮಿದುಳು ಕುಗ್ಗುವ ವೇಗಕ್ಕೂ ನಂಟಿದೆ ಎಂದು ಜಾನ್ಸ್ ಹಾಪ್ಕಿನ್ಸ್ ವೈದ್ಯರು ವರ್ಷಗಟ್ಟಲೆ ರೋಗಿಗಳನ್ನು ಹಿಂಬಾಲಿಸಿ 2015ರಲ್ಲಿ ತೋರಿಸಿದರು. ಎಂಎಸ್ ಖಚಿತಪಡಿಸಲು ನರತಜ್ಞರು ಬಳಸುವ ಮಾನದಂಡಗಳಲ್ಲಿ ಮಿದುಳಿನ ಮೂರು ಜಾಗಗಳು ಮತ್ತು ಬೆನ್ನುಹುರಿ ಮೊದಲಿನಿಂದ ಇದ್ದವು. 2024ರ ಪರಿಷ್ಕರಣೆಯಲ್ಲಿ ದೃಷ್ಟಿನರವೂ ಐದನೆಯ ಜಾಗವಾಗಿ ಸೇರಿತು.

ಕಲೆ ಎಲ್ಲವೂ ಎಂಎಸ್ ಅಲ್ಲ

ಇಲ್ಲಿ ಒಂದು ಎಚ್ಚರಿಕೆ. ತಲೆನೋವಿಗೆಂದು ಎಂಆರ್‌ಐ ಮಾಡಿಸಿ, ವರದಿಯಲ್ಲಿ 'ಬಿಳಿ ದ್ರವ್ಯದಲ್ಲಿ ಚುಕ್ಕೆಗಳು' ಎಂಬ ಸಾಲು ಓದಿ ಗಾಬರಿಯಿಂದ ಬರುವವರು ತಿಂಗಳಿಗೊಬ್ಬರಾದರೂ ಇದ್ದಾರೆ. ಮೈಗ್ರೇನ್, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬರೀ ವಯಸ್ಸು, ಎಲ್ಲದರಲ್ಲೂ ಇಂಥ ಚುಕ್ಕೆ ಬರಬಹುದು. ಅರವತ್ತರ ಮೇಲೆ ಚುಕ್ಕೆ ಇಲ್ಲದವರೇ ಕಡಿಮೆ. ಎಂಎಸ್‌ನ ಕಲೆಗಳಿಗೆ ತಮ್ಮದೇ ಆಕಾರ, ತಮ್ಮದೇ ಜಾಗ ಇರುತ್ತದೆ. ಅದನ್ನು ನರತಜ್ಞರು ನೋಡಿ ಹೇಳಬೇಕು. ಹಾಗೆಯೇ ಗ್ಲಾಕೋಮಾದಲ್ಲೂ ಹೆಚ್ಚು ಮೈನಸ್ ನಂಬರಿನ ಕಣ್ಣಿನಲ್ಲೂ ಓಸಿಟಿ ತೆಳು ತೋರಿಸಬಹುದು. ಯಂತ್ರದ ಅಂಕಿಯಿಂದಲೇ ಕಾಯಿಲೆಗೆ ಹೆಸರಿಡಬಾರದು.

ನಮ್ಮಲ್ಲಿ ಎಂಎಸ್ ಪಶ್ಚಿಮ ದೇಶಗಳಷ್ಟು ಹೆಚ್ಚಿಲ್ಲ. ಮಂಗಳೂರು ನಗರದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಲಕ್ಷಕ್ಕೆ ಸುಮಾರು 8 ಮಂದಿ ಸಿಕ್ಕಿದ್ದರು. ಹೆಚ್ಚಾಗಿ ಇಪ್ಪತ್ತರಿಂದ ನಲವತ್ತರೊಳಗೆ ಶುರುವಾಗುತ್ತದೆ. ಹೆಂಗಸರಿಗೆ ಗಂಡಸರಿಗಿಂತ ಎರಡು ಪಟ್ಟಿಗೂ ಹೆಚ್ಚು. ಇದೇ ವೇಷದಲ್ಲಿ ಬರುವ ಇನ್ನೊಂದು ಕಾಯಿಲೆಯೂ ಇದೆ: ನ್ಯೂರೋಮಯಲೈಟಿಸ್ ಆಪ್ಟಿಕಾ. ಅದು ಕಣ್ಣನ್ನೂ ಬೆನ್ನುಹುರಿಯನ್ನೂ ಹೆಚ್ಚು ಕ್ರೂರವಾಗಿ ಹೊಡೆಯುತ್ತದೆ. ಒಟ್ಟಿಗೆ ಎರಡೂ ಕಣ್ಣು ಹೋಗುವುದು, ವಾರಗಳಾದರೂ ದೃಷ್ಟಿ ಮರಳದಿರುವುದು, ದಿನಗಟ್ಟಲೆ ಬಿಡದ ಬಿಕ್ಕಳಿಕೆ ಮತ್ತು ವಾಂತಿ ಅದರ ಸುಳಿವು. 2004ರಿಂದ ಅದಕ್ಕೆ ರಕ್ತಪರೀಕ್ಷೆ ಇದೆ. ಈ ಪರೀಕ್ಷೆ ಬಿಡಬಾರದು, ಏಕೆಂದರೆ ಎಂಎಸ್‌ಗೆ ಕೊಡುವ ಕೆಲವು ಔಷಧಗಳು ಅದನ್ನು ಉಲ್ಬಣಗೊಳಿಸುತ್ತವೆ.

ಕಾರಣ ಏನೆಂದರೆ ಒಂದೇ ಉತ್ತರವಿಲ್ಲ. ಅಮೆರಿಕದ ಸೈನಿಕರ ರಕ್ತದ ಮಾದರಿಗಳನ್ನು ಪರಿಶೀಲಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಪ್‌ಸ್ಟೀನ್-ಬಾರ್ ವೈರಸ್ ತಗಲಿದ ಮೇಲೆ ಎಂಎಸ್ ಸಂಭವ 32 ಪಟ್ಟು ಏರಿತ್ತು. ಆದರೆ ಆ ವೈರಸ್ ಬಹುಪಾಲು ಎಲ್ಲರಿಗೂ ಬಂದು ಹೋಗುವಂಥದ್ದು. ಅವರಲ್ಲಿ ಎಂಎಸ್ ಬರುವುದು ಅತಿ ಕೆಲವರಿಗೆ. ಧೂಮಪಾನ, ಡಿ ವಿಟಮಿನ್ ಕೊರತೆ ಅಪಾಯವನ್ನು ಹೆಚ್ಚಿಸುತ್ತವೆ. ಎಂಎಸ್ ಅಂಟುರೋಗವಲ್ಲ. ಶಾಪವಂತೂ ಅಲ್ಲ.

ಚಿಕಿತ್ಸೆ ಮತ್ತು ಮನೆಯವರ ಪ್ರಶ್ನೆಗಳು

ದೃಷ್ಟಿನರದ ಉರಿಯೂತದ ಬಗ್ಗೆ ಅಮೆರಿಕದಲ್ಲಿ 457 ರೋಗಿಗಳ ಮೇಲೆ ನಡೆದ ಪ್ರಸಿದ್ಧ ಪ್ರಯೋಗವೊಂದು ನಮಗೆ ಎರಡು ಪಾಠ ಕಲಿಸಿತು. ಒಂದು, ರಕ್ತನಾಳದ ಮೂಲಕ ಕೊಡುವ ಸ್ಟೀರಾಯ್ಡ್ ದೃಷ್ಟಿಯನ್ನು ಬೇಗ ತರುತ್ತದೆ, ಆದರೆ ಕೊನೆಗೆ ಉಳಿಯುವ ದೃಷ್ಟಿಯನ್ನು ಹೆಚ್ಚಿಸುವುದಿಲ್ಲ. ಸಾಮಾನ್ಯ ಪ್ರಮಾಣದ ಸ್ಟೀರಾಯ್ಡ್ ಮಾತ್ರೆಯನ್ನೇ ನೇರವಾಗಿ ಕೊಟ್ಟರೆ ಉರಿಯೂತ ಮರುಕಳಿಸುವುದು ಹೆಚ್ಚುತ್ತದೆ. ಔಷಧದ ಅಂಗಡಿಯಲ್ಲಿ ಕೇಳಿ ಮಾತ್ರೆ ನುಂಗುವವರು ಇದನ್ನು ಗಮನಿಸಬೇಕು. ಎರಡನೆಯದು ನನಗೆ ಚುಚ್ಚುವ ಪಾಠ. ಮೊದಲ ಸಲದ ಎಂಆರ್‌ಐಯಲ್ಲಿ ಒಂದೂ ಕಲೆ ಇಲ್ಲದವರಲ್ಲಿ 15 ವರ್ಷದೊಳಗೆ ಎಂಎಸ್ ಬಂದದ್ದು ನೂರಕ್ಕೆ 25 ಮಂದಿಗೆ. ಒಂದಾದರೂ ಕಲೆ ಇದ್ದವರಲ್ಲಿ 72 ಮಂದಿಗೆ. ನಾನು ಬೇಡವೆಂದ ಸ್ಕ್ಯಾನಿನ ಬೆಲೆ ಇಷ್ಟು.

ಮೊದಲೇ ತಿಳಿದರೆ ಲಾಭ ಇದೆ. 1993ರಲ್ಲಿ ಇಂಟರ್‌ಫೆರಾನ್ ಬಂದಾಗಿನಿಂದ ದಾಳಿಗಳನ್ನು ತಗ್ಗಿಸುವ ಔಷಧಗಳು ಒಂದೊಂದಾಗಿ ಬಂದಿವೆ. ಇಂದು ಇಂಜೆಕ್ಷನ್ ಇದೆ, ಮಾತ್ರೆ ಇದೆ, ಆರು ತಿಂಗಳಿಗೊಮ್ಮೆ ಡ್ರಿಪ್ ಮೂಲಕ ಕೊಡುವ ಔಷಧವೂ ಇದೆ. ಹೋದ ಎಳೆಗಳನ್ನು ಇವು ಮರಳಿ ತರುವುದಿಲ್ಲ, ಇರುವುದನ್ನು ಕಾಯುತ್ತವೆ. ಆದ್ದರಿಂದ ಬೇಗ ಶುರು ಮಾಡಿದಷ್ಟೂ ಕಾಯಲು ಹೆಚ್ಚು ಉಳಿದಿರುತ್ತದೆ. ಫಿಂಗೊಲಿಮೋಡ್ ಎಂಬ ಮಾತ್ರೆ ಅಪರೂಪಕ್ಕೆ ರೆಟಿನಾದಲ್ಲೇ ನೀರು ತುಂಬಿಸಬಹುದು. ಅದನ್ನು ಆರಂಭಿಸಿದ ಮೂರು ನಾಲ್ಕು ತಿಂಗಳಿಗೆ ಕಣ್ಣಿನ ಪರೀಕ್ಷೆ ಕಡ್ಡಾಯ.

ಬಿಸಿನೀರಿನ ಎಣ್ಣೆಸ್ನಾನ ಆದ ಮೇಲೆ ಅಥವಾ ಬಿಸಿಲಲ್ಲಿ ನಡೆದು ಬಂದ ಮೇಲೆ ಕಣ್ಣು ಮತ್ತೆ ಮಂಜಾಯಿತು ಎಂದು ಹೆದರುವವರಿದ್ದಾರೆ. ಮೈಬಿಸಿ ಏರಿದಾಗ ಹೊದಿಕೆ ಕಳೆದುಕೊಂಡ ಎಳೆಗಳಲ್ಲಿ ಸಂದೇಶ ತಡೆಯುತ್ತದೆ. ಉಹ್ಟೋಫ್ ಎಂಬ ಜರ್ಮನ್ ವೈದ್ಯರು 1890ರಲ್ಲೇ ಇದನ್ನು ಗುರುತಿಸಿದ್ದರು. ತಣಿದರೆ ಸರಿಹೋಗುತ್ತದೆ, ಇದು ಹೊಸ ದಾಳಿಯಲ್ಲ. ಆದರೆ ಹೊಸ ತೊಂದರೆ ಒಂದು ದಿನಕ್ಕೂ ಹೆಚ್ಚು ನಿಂತರೆ ವೈದ್ಯರನ್ನು ಕಾಣಬೇಕು.

ಮನೆಯಲ್ಲೇ ಮಾಡಬಹುದಾದ ಒಂದು ಚಿಕ್ಕ ಪರೀಕ್ಷೆ ಹೇಳುತ್ತೇನೆ. ಕುಂಕುಮದ ಭರಣಿಯನ್ನು ಬೆಳಕಿನಲ್ಲಿಟ್ಟು ಒಂದು ಕಣ್ಣು ಮುಚ್ಚಿ ನೋಡಿ, ಆಮೇಲೆ ಇನ್ನೊಂದನ್ನು ಮುಚ್ಚಿ ನೋಡಿ. ಒಂದು ಕಣ್ಣಿಗೆ ಕೆಂಪು ಮಾಸಿದಂತೆ ಕಂಡು, ಗುಡ್ಡೆ ಹೊರಳಿಸಿದಾಗ ನೋವೂ ಇದ್ದರೆ ಅದೇ ವಾರ ಕಣ್ಣಿನ ವೈದ್ಯರ ಬಳಿ ಹೋಗಿ. ಭರಣಿ ಸರಿಯಾಗಿ ಕಂಡಿತೆಂದು ಮಾತ್ರಕ್ಕೆ ಮಬ್ಬನ್ನು ಅಲಕ್ಷಿಸಬೇಡಿ.

ಮದುವೆ ಮಾಡಬಹುದೇ, ಮಕ್ಕಳಾಗುತ್ತವೆಯೇ ಎಂಬುದು ಎಲ್ಲ ಮನೆಯಲ್ಲೂ ಕೇಳುವ ಮಾತು. ಎರಡೂ ಆಗುತ್ತದೆ. ಬಸಿರಿನ ಕೊನೆಯ ಮೂರು ತಿಂಗಳಲ್ಲಿ ದಾಳಿಗಳು ಕಡಿಮೆಯಾಗುತ್ತವೆ; ಹೆರಿಗೆಯ ನಂತರದ ಮೂರು ತಿಂಗಳಲ್ಲಿ ತುಸು ಹೆಚ್ಚುತ್ತವೆ. ಕೆಲವು ಔಷಧಗಳು ಮಗುವಿಗೆ ಒಳ್ಳೆಯದಲ್ಲವಾದ್ದರಿಂದ ಮುಂಚೆಯೇ ವೈದ್ಯರೊಡನೆ ಮಾತಾಡಿಕೊಳ್ಳಬೇಕು. ಮುಚ್ಚಿಟ್ಟು ಮದುವೆ ಮಾಡಿ, ಅತ್ತೆ ಮನೆಯಲ್ಲಿ ಕದ್ದು ಇಂಜೆಕ್ಷನ್ ತೆಗೆದುಕೊಳ್ಳುವ ಸ್ಥಿತಿ ಮಾತ್ರ ಯಾವ ಹೆಣ್ಣಿಗೂ ಬೇಡ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿ ಎಂಎಸ್ ಕೂಡ ಸೇರಿದೆ ಎಂಬುದನ್ನು ಉದ್ಯೋಗದಲ್ಲಿರುವವರು ತಿಳಿದಿರಲಿ.

ನಮ್ಮ ಟೀಚರ್ ಈಗ ನಿಯಮಿತವಾಗಿ ಔಷಧ ತೆಗೆದುಕೊಳ್ಳುತ್ತಿದ್ದಾಳೆ. ಕಾಲಿನ ಜೋಮು ಬಹುಪಾಲು ಇಳಿದಿದೆ, ಪೂರ್ತಿ ಅಲ್ಲ. ಹೆಡ್‌ಮಿಸ್ಟ್ರೆಸ್ಸನ್ನು ಕೇಳಿಕೊಂಡು ಮೇಲಿನ ಮಹಡಿಯಿಂದ ಕೆಳಗಿನ ತರಗತಿಗೆ ಬದಲಾಯಿಸಿಸಿಕೊಂಡಿದ್ದಾಳೆ. ನೋಡಲು ಬಂದ ಎರಡು ಗಂಡಿನ ಕಡೆಯವರು ವಿಷಯ ತಿಳಿದು ಹಿಂದೆ ಸರಿದರು. ಮೂರನೆಯವನಿಗೆ ಅವಳೇ ಫೈಲು ತೆಗೆದು ತೋರಿಸಿದಳಂತೆ. ಅವನು ಎಲ್ಲ ಕೇಳಿಸಿಕೊಂಡು, ಮುಂದಿನ ತಪಾಸಣೆ ಯಾವಾಗ ಎಂದು ಕೇಳಿದನಂತೆ. ಹೋದ ತಿಂಗಳ ತಪಾಸಣೆಗೆ ಇಬ್ಬರೂ ಒಟ್ಟಿಗೆ ಬಂದಿದ್ದರು. ಓಸಿಟಿಯ ಅಂಕಿ ಎರಡೂ ಕಣ್ಣಿನಲ್ಲಿ ಕಳೆದ ವರ್ಷ ಇದ್ದಷ್ಟೇ ಇತ್ತು.